ಕಡಲ ಕೆಸರಿನಲ್ಲಿ ನಮ್ಮ ಪಾಲು

ನಮ್ಮ ಮೇಡಂ ಅವರ ಕೆಳತುಟಿಯ ನಡುವೆ ಸದಾ ಒಂದು ಬೂದುಬಣ್ಣದ ಚುಕ್ಕೆ ಇರುತ್ತಿತ್ತು. ಅದು ಹುಟ್ಟುಮಚ್ಚೆಯಲ್ಲ, ಕೆಸರು. ಸೂಕ್ಷ್ಮದರ್ಶಕದ ಕೆಳಗೆ ಹರಡಿದ ಮಣ್ಣಿನಿಂದ ಒಂದೊಂದೇ ಚಿಪ್ಪನ್ನು ಎತ್ತಲು ಅವರು ಸಣ್ಣ ಕುಂಚ ಬಳಸುತ್ತಿದ್ದರು. ಪ್ರತಿ ಸಲವೂ ಕುಂಚದ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಹಿಂದೂ ಮಹಾಸಾಗರದ ತಳದ ಕೆಸರು ಹೀಗೆ ಚನ್ನಗಿರಿಯ ಕಾಲೇಜಿನಲ್ಲಿ ಒಬ್ಬ ಹೆಂಗಸಿನ ತುಟಿಯ ಮೇಲೆ ಕೂತಿರುತ್ತಿತ್ತು. ಹುಡುಗರು ಅವರನ್ನು ‘ಮಣ್ಣು ತಿನ್ನೋ ಮೇಡಂ’ ಎನ್ನುತ್ತಿದ್ದರು. ಅವರಿಗೆ ಅದು ಗೊತ್ತಿತ್ತು. ‘ಉಪ್ಪೂ ಐತೆ, ತಿಂದು ನೋಡು’ ಎಂದು ಒಬ್ಬನಿಗೆ ಗಾಜಿನ ಶೀಶೆಯನ್ನೇ ಚಾಚಿದ್ದರು.

ಅವರು ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಹಲವು ದೇಶಗಳ ವಿಜ್ಞಾನಿಗಳು ಒಟ್ಟುಗೂಡಿ ಆಳಸಮುದ್ರದ ತಳವನ್ನು ಅಧ್ಯಯನ ಮಾಡುತ್ತಿದ್ದರು. ಹಡಗಿನಿಂದ ಉದ್ದನೆಯ ಕೊಳವೆಯನ್ನು ಇಳಿಬಿಟ್ಟು ತಳಕ್ಕೆ ಚುಚ್ಚಿದರೆ ಕೆಸರು ಕಂಬದ ಹಾಗೆ ಒಳಗೆ ನಿಲ್ಲುತ್ತದೆ. ಅದರಲ್ಲಿ ಸಾಸಿವೆಗಿಂತ ಎಷ್ಟೋ ಚಿಕ್ಕ ಚಿಪ್ಪುಗಳಿರುತ್ತವೆ. ಯಾವ ಪದರದಲ್ಲಿ ಯಾವ ಜೀವಿಯ ಚಿಪ್ಪಿದೆ ಎಂದು ನೋಡಿ ಹಿಂದೆ ಕಡಲು ಬೆಚ್ಚಗಿತ್ತೋ ತಣ್ಣಗಿತ್ತೋ ಹೇಳಬಹುದು. ಆದರೆ ಆ ಚಿಪ್ಪುಗಳನ್ನು ಆರಿಸುವ ತಾಳ್ಮೆ ಇದ್ದವರು ಕಡಿಮೆ. ಹಾಗಾಗಿ ಕೆಸರನ್ನು ಹಂಚಿಕೊಂಡು ಒಂದೊಂದು ದೇಶದ ಪ್ರಯೋಗಾಲಯಕ್ಕೂ ಒಂದೊಂದು ಪಾಲು ಕಳಿಸುತ್ತಿದ್ದರು. ಮದುವೆಗೆ ಮುಂಚೆ ಇದೇ ಚಿಪ್ಪುಗಳ ಮೇಲೆ ಕೆಲಸ ಮಾಡಿದ್ದ ಮೇಡಂ, ಯಾರ್‍ಯಾರಿಗೋ ಬರೆದು, ಬಿಡದೆ ಬರೆದು, ಆ ಪಾಲಿನಲ್ಲಿ ಒಂದು ಚಿಟಿಕೆಯನ್ನು ಚನ್ನಗಿರಿಗೂ ತರಿಸಿಕೊಂಡಿದ್ದರು.

‘ಹಡಗು ಒಬ್ಬರದು, ಕೊಳವೆ ಇನ್ನೊಬ್ಬರದು, ಕೆಸರು ಎಲ್ಲರದೂ’ ಎನ್ನುತ್ತಿದ್ದರು. ಮರುಕ್ಷಣವೇ, ‘ಆದ್ರೆ ಜಪಾನಿನೋರಿಗೆ ನಮಗಿಂತ ಜಾಸ್ತಿ ಕೊಟ್ಟಾರೆ ನೋಡು’ ಎಂದು ಶೀಶೆಯನ್ನು ಬೆಳಕಿಗೆ ಹಿಡಿಯುತ್ತಿದ್ದರು, ಹಿಸ್ಸೆಯಲ್ಲಿ ಮೋಸವಾದ ತಮ್ಮನ ಹಾಗೆ.

ಹೊಟ್ಟೆಕಿಚ್ಚನ್ನು ಅಷ್ಟು ನಿಸ್ಸಂಕೋಚವಾಗಿ ಆಡುತ್ತಿದ್ದವರನ್ನು ನಾನು ಬೇರೆ ಕಂಡಿಲ್ಲ. ರಷ್ಯಾದ ಒಬ್ಬ ವಿಜ್ಞಾನಿಗೆ ಡಬ್ಬಿ ತುಂಬ ಕುಂಚಗಳಿವೆಯಂತೆ ಎಂದು ಉರಿಯುತ್ತಿದ್ದರು. ಕರಾವಳಿಯ ಸಂಶೋಧನಾಲಯದಲ್ಲಿದ್ದ, ಅವರದೇ ವಯಸ್ಸಿನ ಒಬ್ಬಾಕೆಯ ಮೇಲಂತೂ ವಿಶೇಷ ಉರಿ. ‘ಆಕೆ ಕಿಟಕಿ ತೆಗೆದ್ರೆ ಸಮುದ್ರ ಕಾಣ್ತೈತಂತೆ. ನಾನು ಕಿಟಕಿ ತೆಗೆದ್ರೆ ಸೈಕಲ್ ಸ್ಟ್ಯಾಂಡು.’ ಅವರಿಗೆ ಬೇಕಾಗಿದ್ದುದು ಒಂದೇ. ಒಂದು ಸಲ ಆ ಹಡಗು ಹತ್ತಬೇಕು. ಕೆಸರು ಮೇಲೆ ಬರುವಾಗ ಪಕ್ಕದಲ್ಲಿ ನಿಂತು ನೋಡಬೇಕು.

ನನಗೆ ಅವರ ಮೇಲೆಯೇ ಹೊಟ್ಟೆಕಿಚ್ಚು. ಅವರ ಮೇಜಿನ ಮೇಲೆ ಬೇರೆ ದೇಶಗಳ ಅಂಚೆಚೀಟಿಗಳು ಬಂದು ಬೀಳುತ್ತಿದ್ದವು. ಆ ಸೂಕ್ಷ್ಮದರ್ಶಕವನ್ನು ಅವರು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನಾನು ದೂರದಲ್ಲಿ ನಿಂತು ಅವರ ಬಾಗಿದ ಬೆನ್ನನ್ನು ನೋಡುತ್ತಿದ್ದೆ. ಕಣ್ಣಿಟ್ಟವರಿಗೆ ಏನು ಕಾಣುತ್ತಿದೆಯೋ ಅದು ನನಗೆ ಕಾಣುತ್ತಿಲ್ಲ ಎಂಬುದು ಹಸಿವಿನ ಹಾಗೆ ಇತ್ತು.

ನನಗೆ ಅವರ ಕೋಣೆಯೊಳಗೆ ಪ್ರವೇಶ ಸಿಕ್ಕಿದ್ದು ನೀರಿನಿಂದ. ಕಾಲೇಜಿನ ಬಾವಿಯದು ಗಡಸು ನೀರು. ಅದರಲ್ಲಿ ತೊಳೆದರೆ ಚಿಪ್ಪಿನ ಮೇಲೆ ಬಿಳಿ ಪೊರೆ ಕೂರುತ್ತಿತ್ತು. ಬಟ್ಟಿ ಇಳಿಸಿದ ನೀರು ರಸಾಯನಶಾಸ್ತ್ರದವರಿಗೇ ಸಾಲುತ್ತಿರಲಿಲ್ಲ. ನನ್ನ ಊರು ಸೂಳೆಕೆರೆಯ ದಂಡೆಯ ಹಳ್ಳಿ ಎಂದು ತಿಳಿದ ದಿನ ಮೇಡಂ ಕೇಳಿದರು, ‘ನಿಮ್ಮ ಕೆರೆ ನೀರಿನಾಗೆ ಬ್ಯಾಳೆ ಬೇಗ ಬೇಯ್ತೈತಾ?’

‘ಬೇಯ್ತೈತೆ ಮೇಡಂ.’

‘ಹಂಗಾದ್ರೆ ತಗಂಬಾ. ಬ್ಯಾಳೆ ಬೇಯೋ ನೀರಿನಾಗೆ ಚಿಪ್ಪು ತೊಳೆಯಾಕೆ ಏನು ಅಡ್ಡಿ?’

ಪ್ರತಿ ಸೋಮವಾರ ನಾನು ಒಂದು ಕ್ಯಾನ್ ಕೆರೆ ನೀರು ಹಿಡಿದು ಬಸ್ಸು ಹತ್ತುತ್ತಿದ್ದೆ. ‘ಏನವ್ವಾ, ಚನ್ನಗಿರ್‍ಯಾಗೆ ನೀರು ಬತ್ತೋಯ್ತಾ? ಕ್ಯಾನಿಗೂ ಟಿಕೀಟ್ ತಗಾ’ ಎಂದು ಕಂಡಕ್ಟರು ರೇಗಿಸುತ್ತಿದ್ದ. ನೀರನ್ನು ಮನೆಯಲ್ಲಿ ಕುಡಿಯುವ ನೀರಿಗೆ ಮಾಡುವ ಹಾಗೆಯೇ ಹಳೆಯ ಸೀರೆಯ ಮಡಿಕೆಗಳಲ್ಲಿ ಸೋಸುತ್ತಿದ್ದೆವು. ಆಮೇಲೆ ಮೇಡಂ ಕೆಸರನ್ನು ಹಿತ್ತಾಳೆಯ ಜರಡಿಗೆ ಹಾಕಿ ಆ ನೀರಿನಲ್ಲಿ ತೊಳೆಯುತ್ತಿದ್ದರು. ಜರಡಿಯ ಕಣ್ಣು ಸೀರೆಯ ನೂಲಿನ ಕಣ್ಣಿಗಿಂತ ಬಹಳ ಸಣ್ಣದು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಒಂದು ದಿನ ಅವರಿಗೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಚಿಪ್ಪು ಸಿಕ್ಕಿತು. ಅವರೆಕಾಳಿನ ಆಕಾರ, ಮೈತುಂಬ ಸಣ್ಣ ಸಣ್ಣ ಗುಳಿಗಳು. ಅಷ್ಟು ಆಳದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಮೇಡಂ ಅದರ ಚಿತ್ರ ಬರೆದು ಎಲ್ಲ ದೇಶಗಳ ಪಾಲುದಾರರಿಗೂ ಕಳಿಸಿದರು, ಒಂದು ಪ್ರತಿಯನ್ನು ಗೋಡೆಗೆ ಅಂಟಿಸಿದರು. ಕೆಲವು ತಿಂಗಳಾದ ಮೇಲೆ ಹಡಗು ನಡೆಸುತ್ತಿದ್ದ ರಷ್ಯಾದವರಿಂದ ಉತ್ತರ ಬಂತು. ಮುಂದಿನ ಪ್ರಯಾಣದಲ್ಲಿ ಚಿಪ್ಪುಗಳನ್ನು ಹಡಗಿನ ಮೇಲೆಯೇ ಆರಿಸಲು ಒಬ್ಬರಿಗೆ ಜಾಗವಿದೆ, ನೀವು ಬನ್ನಿ ಎಂದು.

ಅವರ ಯಜಮಾನರು ನ್ಯಾಮತಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಮನೆ ಹೊನ್ನಾಳಿ. ಮೇಡಂ ವಾರವಿಡೀ ಚನ್ನಗಿರಿಯ ಬಾಡಿಗೆ ಕೋಣೆಯಲ್ಲಿದ್ದು ಶನಿವಾರ ಊರಿಗೆ ಹೋಗುತ್ತಿದ್ದರು. ಸುದ್ದಿ ತಿಳಿದು ಯಜಮಾನರೇ ಉಣ್ಣೆಯ ಬಟ್ಟೆ ಹಿಡಿದು ಕಾಲೇಜಿಗೆ ಬಂದರು. ‘ಸಮುದ್ರದಾಗೆ ಥಂಡಿ ಇರ್ತೈತೆ, ಕೋಟು ಹೊಲಿಸ್ತೀನಿ. ರಷ್ಯಾದೋರು ಇಷ್ಟು ದಿನ ಮಣ್ಣು ಕಳ್ಸಿದ್ರು, ಈಗ ಹೆಂಡ್ತೀನೇ ಕರ್ಸ್ಕಂತಾರೆ ನೋಡಮ್ಮ’ ಎಂದು ನನ್ನೆದುರಿಗೆ ಹೇಳಿದರು. ಮೇಡಂ ನಾಚಿದ್ದನ್ನು ಅಂದೊಂದು ದಿನ ಮಾತ್ರ ನೋಡಿದೆ.

ಆ ಸಂಭ್ರಮದಲ್ಲಿ ಅವರ ಕೈ ಸಡಿಲವಾಯಿತು. ‘ಬಾ, ನೀನೂ ಒಂದೀಟು ನೋಡು. ನನ್ನ ಕೆಸರು ಮುಟ್ಟಬ್ಯಾಡ. ಬೇಕಾದ್ರೆ ನಿಮ್ಮ ಕೆರೆ ನೀರು ನೋಡ್ಕ’ ಎಂದರು. ನಾನು ಕ್ಯಾನಿನ ತಳದಿಂದ ಒಂದು ತೊಟ್ಟು ತೆಗೆದು ಗಾಜಿನ ಮೇಲಿಟ್ಟು ಕಣ್ಣಿಟ್ಟೆ. ಅವರೆಕಾಳಿನ ಆಕಾರದ್ದೊಂದು ಬೆಳಕಿನೊಳಕ್ಕೆ ಬಂತು. ಮೈತುಂಬ ಗುಳಿಗಳು. ಎರಡು ಚಿಪ್ಪುಗಳ ನಡುವಿನಿಂದ ಕೂದಲಿನಂಥ ಕಾಲುಗಳನ್ನು ಹೊರಚಾಚಿ ಈಜುತ್ತಿತ್ತು.

ನಾನು ಗೋಡೆಯ ಚಿತ್ರವನ್ನು ನೋಡಿದೆ. ಮತ್ತೆ ಕಣ್ಣಿಟ್ಟೆ. ‘ಮೇಡಂ, ಇದು ನಮ್ಮ ಕೆರೇದು’ ಎಂದೆ.

ಅವರು ನನ್ನನ್ನು ಸರಿಸಿ ಕೂತರು. ಬಹಳ ಹೊತ್ತು ನೋಡಿದರು. ‘ಈಜ್ತಾ ಐತಲ್ಲೇ’ ಎಂದರು, ಮೆಲ್ಲಗೆ. ಸೋಸುವ ಸೀರೆಯನ್ನು ಕೈಗೆತ್ತಿಕೊಂಡು ಕಿಟಕಿಗೆ ಹಿಡಿದರು. ನೂಲುಗಳ ನಡುವಿನಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬರುತ್ತಿತ್ತು. ಆ ಚುಕ್ಕಿಗಳಲ್ಲಿ ತೂರಿ ಬಂದದ್ದು ಜರಡಿಯಲ್ಲಿ ನಿಂತು ಕಡಲಿನದರ ಜೊತೆ ಸೇರಿಹೋಗಿತ್ತು.

ಇದು ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ. ಹಡಗು ಹತ್ತಿ, ಹೋಗಿ ಬಂದು, ಆಮೇಲೆ ಹೇಳಬಹುದಿತ್ತು. ಅವರು ಚಪ್ಪಲಿ ಮೆಟ್ಟಿ ಅಂಚೆ ಕಚೇರಿಗೆ ಹೊರಟರು. ನಾನು ಹಿಂದೆ ಹೋದೆ.

‘ಫಾರಿನ್ನಿಗೆ ತಂತಿ ಅಂದ್ರೆ... ಯಾರಿಗಾದ್ರೂ ಏನಾದ್ರೂ ಆತೇನ್ರೀ ಮೇಡಂ?’ ಎಂದು ಗುಮಾಸ್ತರು ಗಾಬರಿಯಿಂದ ಕೇಳಿದರು.

‘ನನಗೇ ಆಗೈತೆ. ಕಳ್ಸ್ರಿ.’

ಆ ಚಿಪ್ಪು ಕಡಲಿನದಲ್ಲ, ನಮ್ಮ ಕೆರೆಯದು, ತೊಳೆದ ನೀರಿನಿಂದ ಬಂದದ್ದು. ಇಷ್ಟೇ ತಂತಿಯಲ್ಲಿ ಇದ್ದದ್ದು. ಎಲ್ಲ ಕಡೆಯಿಂದ ಸೌಜನ್ಯದ ಉತ್ತರಗಳು ಬಂದವು. ತಾವೂ ಇನ್ನು ಮುಂದೆ ತೊಳೆಯುವ ನೀರನ್ನು ಮೊದಲು ಪರೀಕ್ಷಿಸುವುದಾಗಿ ಇಬ್ಬರು ಬರೆದರು. ಕೊನೆಯದಾಗಿ ಬಂದ ಉತ್ತರದಲ್ಲಿ, ಹಡಗಿನ ಜಾಗವನ್ನು ಈ ಸಲ ಬೇರೆಯವರಿಗೆ ಕೊಡಲಾಗಿದೆ ಎಂದಿತ್ತು. ಬೇರೆಯವರು ಎಂದರೆ ಕರಾವಳಿಯಾಕೆ.

ಆಕೆ ಹಡಗಿನ ಮೇಲೆ ನಿಂತ ಚಿತ್ರ ಪತ್ರಿಕೆಯಲ್ಲಿ ಬಂದಾಗ ಮೇಡಂ ಅದನ್ನು ಕತ್ತರಿಸಿ ಮೇಜಿನ ಮೇಲ್ಗಡೆ ಗೋಡೆಗೆ ಹಚ್ಚಿದರು. ತೆಗೆದುಬಿಡಿ ಎಂದೆ. ‘ಇರ್ಲಿ. ದಿನಾ ನೋಡ್ತಿರ್ಬೇಕು. ಇಲ್ಲಾಂದ್ರೆ ಒಳ್ಳೇಳಾಗಿಬಿಡ್ತೀನಿ, ಕೆಲಸ ಕೆಡ್ತೈತೆ’ ಎಂದರು. ನನ್ನ ಮೇಲೆ ಸಿಟ್ಟಿದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅವರೇ ಹೇಳಿದರು. ‘ಸಿಟ್ಟಿಲ್ಲ. ಹೊಟ್ಟೆಕಿಚ್ಚು. ಆ ಕಾಲು ನನಗ್ಯಾಕೆ ಮೊದಲು ಕಾಣ್ಲಿಲ್ಲ?’ ಮಾರನೆಯ ದಿನ ಅವರ ಮೇಜಿಗೆ ಎರಡನೆಯ ಕುರ್ಚಿ ಬಂತು. ನನ್ನ ಕೈಗೆ ಒಂದು ಕುಂಚ ಬಂತು.

ನಾನು ಎಂ.ಎಸ್ಸಿ.ಗೆ ಧಾರವಾಡಕ್ಕೆ ಹೋದೆ. ಅಲ್ಲಿಂದ ಕರಾವಳಿಯ ಒಂದು ಸಂಶೋಧನಾಲಯಕ್ಕೆ. ಮೇಡಂ ಅವರಿಗೆ ಜಗಳೂರಿಗೆ ವರ್ಗವಾಯಿತು. ಅಲ್ಲಿ ಕುಡಿಯುವ ನೀರಿಗೇ ಪಾಳಿ. ‘ಇಲ್ಲಿ ತೊಳೆಯಾಕೆ ನೀರಿಲ್ಲ, ಆದ್ರಿಂದ ತಪ್ಪೂ ಆಗಲ್ಲ’ ಎಂದು ಬರೆದಿದ್ದರು. ಕೆಸರಿನ ಪಾಲು ಅಲ್ಲಿಗೂ ಹೋಗುತ್ತಿತ್ತು.

ಎಂಬತ್ತರ ದಶಕದ ನಡುವೆ ಹಡಗಿನ ಆ ಜಾಗ ನನಗೆ ಸಿಕ್ಕಿತು. ಹೇಳಲು ಹೊನ್ನಾಳಿಗೆ ಹೋದೆ. ಬೇಸಿಗೆ ರಜೆ, ಮೇಡಂ ಮನೆಯಲ್ಲಿದ್ದರು. ಕೇಳಿದವರೇ ಮುಖ ತಿರುಗಿಸಿದರು. ಹಾಗೆಯೇ ಹೇಳಿದರು, ‘ಈಗ ಒಳ್ಳೇದಾಗ್ಲಿ ಅಂದ್ರೆ ಸುಳ್ಳಾಗ್ತೈತೆ ಕಣೇ. ಒಂದು ಗಳಿಗೆ ಹೊರಗೆ ಕುಂದ್ರು. ಮೊದಲು ಉರ್ಕಂತೀನಿ. ಆಮ್ಯಾಲೆ ಕರೀತೀನಿ.’

ನಾನು ಜಗಲಿಯ ಮೇಲೆ ಕೂತೆ. ಅವರ ಯಜಮಾನರು ಕಾಫಿ ತಂದುಕೊಟ್ಟು, ‘ಹೆದರಬ್ಯಾಡಮ್ಮ. ಹಾಲು ಉಕ್ಕಿ ಇಳಿಯಾಕೆ ಎಷ್ಟು ಹೊತ್ತು’ ಎಂದು ಪಿಸುಗುಟ್ಟಿದರು.

ಒಳಗೆ ಕರೆದಾಗ ಮೇಡಂ ಪಡಸಾಲೆಯ ಉಯ್ಯಾಲೆ ಮಣೆಯ ಮೇಲೆ ಒಂದು ಅಡ್ಡಹಲಗೆ ಕಟ್ಟಿ, ಅದರ ಮೇಲೆ ಮಸೂರ, ತಟ್ಟೆ, ಕುಂಚ ಇಟ್ಟಿದ್ದರು. ಹಡಗು ಅಲುಗಾಡುವಾಗ ಚಿಪ್ಪನ್ನು ಎತ್ತುವುದು ಹೇಗೆ ಎಂದು, ತಮಗೆ ಕರೆ ಬಂದಿದ್ದ ಆ ವರ್ಷ ಶನಿವಾರ ಭಾನುವಾರಗಳಲ್ಲಿ ಈ ಉಯ್ಯಾಲೆಯ ಮೇಲೆ ಅಭ್ಯಾಸ ಮಾಡಿದ್ದರಂತೆ. ಅದನ್ನು ನನಗೆ ಆ ದಿನದವರೆಗೂ ಹೇಳಿರಲಿಲ್ಲ.

‘ಕೂತ್ಕ. ಮೊಣಕೈ ಪಕ್ಕೆಲುಬಿಗೆ ಒತ್ತು. ರೀ, ತೂಗ್ರಿ.’

‘ಅಲೆ ದೊಡ್ಡದು ಬೇಕಾ, ಸಣ್ಣದು ಸಾಕಾ?’ ಎಂದರು ಯಜಮಾನರು.

‘ಸುಮ್ಕೆ ತೂಗ್ರಿ. ನೋಡು, ಉಯ್ಯಾಲೆ ಎರಡೂ ತುದ್ಯಾಗೆ ತಿರುಗಾಕೆ ಮುಂಚೆ ಒಂಚೂರು ನಿಲ್ತೈತೆ. ಅಲ್ಲಿ ಉಸಿರು ಬಿಡು. ಅಲ್ಲೇ ಎತ್ತು. ನಡುವೆ ಅವಸರ ಮಾಡಬ್ಯಾಡ.’

ಮಧ್ಯಾಹ್ನವೆಲ್ಲ ಹಾಗೆಯೇ ಕಳೆಯಿತು. ನನ್ನ ಕೈ ಪಳಗಿದಂತೆಲ್ಲ ಅವರ ಮುಖ ಕಪ್ಪಿಡುತ್ತಿತ್ತು. ಆದರೂ ಕಲಿಸುವುದನ್ನು ನಿಲ್ಲಿಸಲಿಲ್ಲ.

ಹಡಗಿನಲ್ಲಿ ಮೊದಲ ವಾರ ಎಲ್ಲರ ಕೈಯೂ ನಡುಗುತ್ತಿತ್ತು. ನನ್ನದು ಅಲುಗದೆ ನಿಂತಿತ್ತು. ನಾಲ್ಕು ದೇಶಗಳವರು ಒಂದೇ ಮೇಜಿನ ಸುತ್ತ ಕೂರುತ್ತಿದ್ದೆವು, ಅವರೆಲ್ಲ ನನ್ನ ಮೊಣಕೈಯನ್ನು ನೋಡಿ ತಾವೂ ಪಕ್ಕೆಗೆ ಒತ್ತಿಕೊಂಡರು. ಇಳಿದ ಮೇಲೆ ನೇರ ಹೊನ್ನಾಳಿಗೆ ಹೋಗಿ ಎಲ್ಲವನ್ನೂ ಮೇಡಂಗೆ ಹೇಳಿದೆ. ಅವರು ಪೊಲೀಸರ ಹಾಗೆ ಕೇಳಿದರು. ಕೊಳವೆ ಮೇಲೆ ಬರುವಾಗ ಸದ್ದು ಹೇಗಿತ್ತು, ಕೆಸರು ಮುಟ್ಟಿದರೆ ಎಷ್ಟು ತಣ್ಣಗಿತ್ತು, ಮೊದಲು ಯಾವ ಬಣ್ಣ ಕಂಡಿತು, ಆಮೇಲೆ ಯಾವುದು. ನನಗೆ ವಾಂತಿಯಾಯಿತೆಂದು ತಿಳಿದು ಮಾತ್ರ ಸಮಾಧಾನಪಟ್ಟರು. ‘ಅಷ್ಟಾದ್ರೂ ಆತಲ್ಲ.’

ಎರಡು ವರ್ಷಗಳ ಮೇಲೆ ಅವರು ತೀರಿಕೊಂಡರು. ಕಾಯಿಲೆಯ ಸುದ್ದಿ ನನಗೆ ತಡವಾಗಿ ತಿಳಿಯಿತು. ನಾನು ಹೋದಾಗ ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರು ಕೂತಿದ್ದರು. ಅವರಲ್ಲಿ ಹಿರಿಯರೊಬ್ಬರು ಕೊನೆಯ ದಿನಗಳಲ್ಲಿ ಮೇಡಂ ಪಕ್ಕದಲ್ಲಿ ಇದ್ದವರಂತೆ. ಸಮುದ್ರದ ಮಾತೇ ಆಡುತ್ತಿದ್ದರು ಎಂದರು. ಕೊಳವೆ ಮೇಲೆ ಬರುವಾಗ ಸರಪಳಿ ಹಾಡಿದಂತಾಗುತ್ತದಂತೆ, ಕೆಸರು ಹೊಸದಾಗಿ ಹುಟ್ಟಿದ ಕರುವಿನ ಮೂಗಿನಷ್ಟು ತಣ್ಣಗಿರುತ್ತದಂತೆ. ನಾನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ಮುಟ್ಟಿದ್ದು ನನ್ನ ಕೈ. ಆದರೆ ಅದು ಏನೆಂದು ಗೊತ್ತಿದ್ದದ್ದು ಅವರಿಗೆ. ಆ ಸಾವಿನ ಮನೆಯಲ್ಲಿ ಕೂತು ನನಗೆ ಅವರ ಮೇಲೆ ಮತ್ತೆ ಹೊಟ್ಟೆಕಿಚ್ಚಾಯಿತು.

ಮೇಡಂ ಸುಳ್ಳು ಹೇಳುವವರಲ್ಲ. ಹೇಳಿದ ರೀತಿಗೆ ಕೇಳಿದವರು ಅವರೇ ಹಡಗು ಹತ್ತಿದ್ದರೆಂದು ತಿಳಿದುಕೊಂಡಿರಬೇಕು. ಆ ಹಿರಿಯರು ನನ್ನ ಕಡೆ ತಿರುಗಿ ಕೇಳಿದರು, ‘ನೀವೂ ಅವ್ರ ಜತೀಗೆ ಅದೇ ಹಡಗಿನಾಗೆ ಹೋಗಿದ್ರಂತಲ್ರೀ?’

ಯಜಮಾನರು ತಲೆ ತಗ್ಗಿಸಿದರು.

‘ಹೌದ್ರಿ,’ ಎಂದೆ. ‘ನಾನು ಅವರ ಕೈಕೆಳಗಿದ್ದೆ.’