ಎತ್ತೊರೆ ತಾತನನ್ನು ಊರಿಗೆ ಕರೆದೊಯ್ದ ಹುಡುಗಿ

ಗೋಥೆನ್‌ಬರ್ಗ್‌ನಲ್ಲಿ ಫೆಬ್ರವರಿಯ ಬೆಳಗು. ಗಡಿಯಾರಕ್ಕೆ ಮಾತ್ರ ಬೆಳಗಾಗಿದೆ, ಹೊರಗೆ ಕತ್ತಲೆ. ಫ್ರೊಲುಂಡಾ ಬಡಾವಣೆಗೆ ಬಂದ ಮೊದಲ ಟ್ರಾಮ್‌ನಿಂದ ಇಳಿದ ಅವನಿ ಶೇಷಾದ್ರಿ, ಬೂಟಿಗೆ ಅಂಟಿದ ಹಿಮವನ್ನು ಮೆಟ್ಟಿಲ ಅಂಚಿಗೆ ಬಡಿದು ಉದುರಿಸಿ, ಮೂರನೆಯ ಮಹಡಿಯ ಬಾಗಿಲನ್ನು ತನ್ನಲ್ಲಿರುವ ಕೀಲಿಯಿಂದಲೇ ತೆರೆಯುತ್ತಾಳೆ. ಒಳಗೆ ತೊಂಬತ್ತೆರಡರ ಗ್ರೇಟಾ ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ. ಅವನಿ ದೀಪ ಹಾಕಿ, ಎದುರಿಗೆ ನೆಲದ ಮೇಲೆ ಮೊಣಕಾಲೂರಿ ಕೂರುತ್ತಾಳೆ. ಗ್ರೇಟಾ ಅವರ ಕಿವಿ ಮಂದ. ಮುಖ ಕಾಣುವಂತೆ ಕೂತು ಮಾತಾಡಿದರೆ ಮಾತ್ರ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತಾರೆ. ಕಾಲು ಊದದಿರಲೆಂದು ಹಾಕುವ ಬಿಗಿಯಾದ ಕಾಲುಚೀಲವನ್ನು ಚರ್ಮ ನೋಯದಂತೆ ಬೆರಳಿನಿಂದ ಮಡಚಿ ಮಡಚಿ ಏರಿಸುತ್ತಲೇ, ಹೊರಗೆ ಎಷ್ಟು ಚಳಿಯಿದೆ, ಟ್ರಾಮ್‌ನಲ್ಲಿ ಯಾರ ನಾಯಿ ಬೊಗಳಿತು ಎಂಬುದನ್ನೆಲ್ಲ ಹೇಳುತ್ತಾಳೆ. ಆಮೇಲೆ ಓಟ್ಸ್ ಗಂಜಿ, ಅದರ ಮೇಲೆ ಒಂದು ಚಮಚ ಹುಳಿ ಹಣ್ಣಿನ ಜ್ಯಾಮ್, ಮಾತ್ರೆಗಳು. ಮಾತ್ರೆ ಗಂಟಲಿಗಿಳಿದದ್ದು ಖಾತ್ರಿಯಾದ ಮೇಲೆಯೇ ಏಳುವುದು.

ಇದು ಇಲ್ಲಿನ ಕೊಮ್ಯೂನ್, ಅಂದರೆ ನಗರಾಡಳಿತ, ಒಂಟಿ ವೃದ್ಧರಿಗಾಗಿ ಏರ್ಪಡಿಸಿರುವ ಮನೆಸೇವೆ. ಒಂದು ಬೆಳಗಿನ ಪಾಳಿಯಲ್ಲಿ ಇಂಥ ಹತ್ತು ಹನ್ನೆರಡು ಮನೆ. ಕೆಲವರಿಗೆ ಸ್ನಾನ, ಕೆಲವರಿಗೆ ಊಟ, ಇನ್ನು ಕೆಲವರಿಗೆ ಇವತ್ತು ಯಾವ ವಾರ ಎಂದು ಹೇಳುವವರು ಸಾಕು. ಮಧ್ಯೆ ಸಿಕ್ಕರೆ ಒಂದು ಫಿಕಾ, ಅಂದರೆ ಕಾಫಿ ಬಿಡುವು. ಸಿಗದ ದಿನವೇ ಹೆಚ್ಚು. ಮಧ್ಯಾಹ್ನಕ್ಕೆ ಸೊಂಟ ಹಿಡಿದುಕೊಂಡಿರುತ್ತದೆ, ಕೈಗಳು ಸೋಪಿನ ನೀರಿಗೆ ಬಿರಿದಿರುತ್ತವೆ.

ಅವನಿಯ ವಯಸ್ಸು ಈಗ ಇಪ್ಪತ್ತಾರು. ಮೈಸೂರಿನಲ್ಲಿ ಹುಟ್ಟಿ, ನಾಲ್ಕನೆಯ ವಯಸ್ಸಿಗೆ ಅಪ್ಪ ಅಮ್ಮನ ಜತೆ ಕಾರ್ಲ್‌ಸ್ಕ್ರೂನಾಕ್ಕೆ ಬಂದವಳು. ಅಲ್ಲಿ ಅಪ್ಪ ಶೇಷಾದ್ರಿಗೆ ಟೆಲಿಕಾಂ ಕೆಲಸ, ಇವಳಿಗೆ ದಾಗಿಸ್ ಎಂಬ ಶಿಶುವಿಹಾರ. ಆಮೇಲೆ ಅಪ್ಪನಿಗೆ ಟೋರ್ಸ್‌ಲಾಂಡದಲ್ಲಿ ಕಾರಿನ ಸಾಫ್ಟ್‌ವೇರ್ ಕೆಲಸ ಸಿಕ್ಕು ಸಂಸಾರ ಗೋಥೆನ್‌ಬರ್ಗ್‌ಗೆ ಬಂತು. ಎಂಜಿನಿಯರಿಂಗ್ ಸೇರಿದ ಅವನಿ ಬೇಸಿಗೆ ರಜೆಯಲ್ಲಿ ಈ ಕೆಲಸಕ್ಕೆ ಬಂದಳು. ರಜೆ ಮುಗಿದರೂ ಕಾಲೇಜಿಗೆ ಮರಳಲಿಲ್ಲ.

ಶೇಷಾದ್ರಿ ಕೂಗಾಡುವವರಲ್ಲ. ಆದರೆ ಯುಗಾದಿಗೆ ಕನ್ನಡದವರೆಲ್ಲ ಸೇರಿದಾಗ ಮಗಳು ಏನು ಮಾಡುತ್ತಿದ್ದಾಳೆಂದು ಯಾರಾದರೂ ಕೇಳಿದರೆ ಹೆಲ್ತ್‌ಕೇರ್‌ನಲ್ಲಿದ್ದಾಳೆ ಎಂದಷ್ಟೇ ಹೇಳಿ ಪ್ಲೇಟು ಹಿಡಿದು ಬೇರೆ ಕಡೆ ಹೋಗುತ್ತಿದ್ದರು. ‘ಡಾಕ್ಟರಾ ಅಂತ ಆಂಟಿಯರು ಬಂದು ನನ್ನ ಕೇಳ್ತಿದ್ರು,’ ಎಂದು ಅವನಿ ಸಣ್ಣಗೆ ನಗುತ್ತಾಳೆ. ‘ಡಾಕ್ಟರಲ್ಲ, ಅಜ್ಜಿಯರಿಗೆ ಸ್ನಾನ ಮಾಡಿಸ್ತೀನಿ ಅಂತ ಹೇಳ್ದಾಗ ಅಪ್ಪನ ಮುಖ ನೋಡೋಕಾಗ್ತಿರ್ಲಿಲ್ಲ. ಅದಕ್ಕೆ ಆಮೇಲೆ ನಾನೂ ಸುಮ್ನಾದೆ.’

ಎತ್ತೊರೆ ಸಿಕ್ಕಿದ್ದು ಆ ದಿನಗಳಲ್ಲಿ. ಊರಿನ ಇನ್ನೊಂದು ಕೊನೆಯ ಕೊರ್ಟೆದಾಲಾ ಬಡಾವಣೆಯಲ್ಲಿ ಒಂಟಿಯಾಗಿದ್ದ ಎಂಬತ್ತೈದರ ಇಟಲಿಯವರು. ಇಪ್ಪತ್ತರ ಹುಡುಗನಾಗಿದ್ದಾಗ ದಕ್ಷಿಣ ಇಟಲಿಯ ಸಮುದ್ರದಂಚಿನ ಸಾನ್ ಲುಕೀನೊ ಎಂಬ ಪುಟ್ಟ ಊರಿನಿಂದ ರೈಲು ಹತ್ತಿ ಬಂದು, ಇಲ್ಲಿನ ಬೇರಿಂಗ್ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ದುಡಿದವರು. ಮದುವೆಯಾದದ್ದು ಸ್ವೀಡನ್ನಿನ ಹೆಣ್ಣನ್ನು. ಆಕೆ ತೀರಿಕೊಂಡು ಬಹಳ ವರ್ಷವಾಗಿತ್ತು. ಒಬ್ಬನೇ ಮಗ ರಾಬರ್ಟ್ ಉತ್ತರದ ಲೂಲಿಯೊದಲ್ಲಿ. ಇಲ್ಲಿನ ಪದ್ಧತಿಯಂತೆ ಅವನಿ ಅವರನ್ನು ಎತ್ತೊರೆ ಎಂದೇ ಕರೆಯುತ್ತಿದ್ದಳು. ಅಷ್ಟು ವಯಸ್ಸಾದವರನ್ನು ಬರೀ ಹೆಸರು ಹಿಡಿದು ಕರೆಯುತ್ತೀಯಾ ಎಂದು ಅಮ್ಮ ಪಾರ್ವತಿ ಗದರಿದ ಮೇಲೆ ಮನೆಯ ಮಾತಿನಲ್ಲಿ ಅವರು ‘ಎತ್ತೊರೆ ತಾತ’ ಆದರು.

ಮೂರು ವರ್ಷ ಬೆಳಗ್ಗೆ ಅವರ ಗಡ್ಡ ಹೆರೆದವಳು ಅವನಿಯೇ. ಕನ್ನಡಿಯ ಮುಂದೆ ಕೂತಾಗಲೆಲ್ಲ ಸಾನ್ ಲುಕೀನೊ ಬರುತ್ತಿತ್ತು. ಬೆಣಚುಕಲ್ಲಿನ ದಂಡೆ, ದೋಣಿಗೆ ಬಳಿಯುವ ನೀಲಿ ಬಣ್ಣ, ಎದುರು ಬದುರು ಮಹಡಿಗಳ ನಡುವೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆ, ಉಪ್ಪು ಹಾಕಿದ ಮೀನಿನ ವಾಸನೆ ಹೊತ್ತ ಅಮ್ಮನ ಕೈ. ಹೊರಟು ಬಂದ ಮೇಲೆ ಅವರು ಒಮ್ಮೆಯೂ ಹೋಗಿರಲಿಲ್ಲ. ಚರ್ಚಿಗೆ ಹೋಗದ ಹೆಣ್ಣನ್ನು ಮದುವೆಯಾದದ್ದನ್ನು ಅಮ್ಮನಿಗೆ ತಿಳಿಸುವ ಧೈರ್ಯ ಬಂದಿರಲಿಲ್ಲ. ಅಮ್ಮನಿಗೆ ಓದು ಬಾರದು, ಕಾಗದ ಬರೆದರೆ ಪಾದ್ರಿಯೇ ಓದಬೇಕು. ಹಾಗಾಗಿ ಬರೆಯುವುದೂ ನಿಂತಿತು. ಅಮ್ಮ ಸತ್ತ ಸುದ್ದಿ ತಲುಪಿದ್ದು ಮಣ್ಣು ಮಾಡಿದ ಮೇಲೆ.

ಕಳೆದ ಅಕ್ಟೋಬರ್‌ನಲ್ಲಿ ಕರೆದುಕೊಂಡು ಹೋಗುವುದಾಗಿ ಮಗ ರಾಬರ್ಟ್ ಟಿಕೆಟ್ ಮಾಡಿಸಿದ್ದ. ಹೊರಡುವ ವಾರ ಅವನ ಬೆನ್ನುಮೂಳೆ ಕೈಕೊಟ್ಟು ಹಾಸಿಗೆ ಹಿಡಿದ. ನೀನು ಹೋಗಿಬರಲು ಸಾಧ್ಯವೇ ಎಂದು ಅವನಿಯನ್ನು ಫೋನಿನಲ್ಲಿ ಕೇಳಿದ. ಮನೆಸೇವೆಯವರು ತಾವು ನೋಡಿಕೊಳ್ಳುವವರ ಜತೆ ಖಾಸಗಿ ಒಡನಾಟ ಇಟ್ಟುಕೊಳ್ಳಬಾರದೆಂಬ ನಿಯಮವಿದೆ. ಮೇಲ್ವಿಚಾರಕಿ ಒಳ್ಳೆಯ ಮಾತಿನಲ್ಲೇ ಬೇಡವೆಂದಳು. ಶೇಷಾದ್ರಿಯೂ ಬೇಡವೆಂದರು. ಅವನಿ ತನ್ನ ರಜೆ ಹಾಕಿ ಹೊರಟಳು.

‘ಮುಂದಿನ ವರ್ಷ ಹೋಗೋಣ ಅಂತ ಅವರಿಗೆ ಹೆಂಗೆ ಹೇಳ್ಲಿ? ಎಂಬತ್ತೆಂಟು ಆಗಿರೋರಿಗೆ?’ ಎಂದು ಕೇಳುತ್ತಾಳೆ.

ನೇಪಲ್ಸ್‌ವರೆಗೆ ವಿಮಾನ, ಅಲ್ಲಿಂದ ಕಡಲಿನ ಪಕ್ಕದಲ್ಲೇ ಓಡುವ ರೈಲು. ರೈಲಿನ ಕಿಟಕಿಗೆ ಹಣೆಯೊತ್ತಿ ಕೂತ ಎತ್ತೊರೆ ಸುರಂಗ ಬಂದಾಗ ಮಾತ್ರ ಇವಳ ಕಡೆ ತಿರುಗುತ್ತಿದ್ದರು. ಅವನಿ ಭಾರತ, ಸ್ವೀಡನ್ ಬಿಟ್ಟರೆ ಬೇರೆ ದೇಶ ನೋಡಿದವಳಲ್ಲ. ಸಾನ್ ಲುಕೀನೊ ಅವಳ ಕಣ್ಣಿಗೆ ಹಬ್ಬವಾಗಿಯೇ ಕಂಡಿತು: ಬೆಟ್ಟದಿಂದ ಸಮುದ್ರಕ್ಕೆ ಇಳಿಜಾರಾಗಿ ನಿಂತ ಹಳದಿ, ಗುಲಾಬಿ ಮನೆಗಳು, ಕಾಂಪೌಂಡ್ ದಾಟಿ ಬೀದಿಗೆ ಬಾಗಿದ ನಿಂಬೆ ಕೊಂಬೆಗಳು, ಅಕ್ಟೋಬರ್‌ನಲ್ಲೂ ಬೆಚ್ಚಗಿನ ಬಿಸಿಲು. ಆದರೆ ಹೆಚ್ಚು ದೂರ ನಡೆಯಲಾಗದ ಎತ್ತೊರೆಯ ಗಾಲಿಕುರ್ಚಿ ತಳ್ಳುತ್ತ ಹೋದಂತೆ ಬೇರೆಯದೂ ಕಂಡಿತು. ಪ್ರವಾಸಿಗರ ಕಾಲ ಮುಗಿದಿತ್ತು. ದಂಡೆಯ ಕೊಡೆಗಳನ್ನು ಕಟ್ಟಿ ಒಟ್ಟಿದ್ದರು. ಬೀದಿಗೆ ಎರಡು ಮೂರು ಮನೆಗಳ ಮೇಲೆ ಮಾರಾಟದ ಫಲಕ. ಹರೆಯದವರೆಲ್ಲ ಕೆಲಸ ಹುಡುಕಿ ಮಿಲಾನ್‌ಗೋ ಜರ್ಮನಿಗೋ ಹೋಗಿದ್ದರು.

ಎತ್ತೊರೆ ಹುಟ್ಟಿದ ಮನೆ ಇತ್ತು. ಅದರ ಬಾಗಿಲಿಗೆ ನಂಬರ್ ಒತ್ತಿ ಕೀಲಿ ತೆಗೆಯುವ ಸಣ್ಣ ಪೆಟ್ಟಿಗೆ ತೂಗುಹಾಕಿದ್ದರು. ಯಾರೋ ಹೊರದೇಶದವರು ಕೊಂಡು, ಪ್ರವಾಸಿಗರಿಗೆ ದಿನದ ಬಾಡಿಗೆಗೆ ಬಿಡುತ್ತಿದ್ದರು. ಎತ್ತೊರೆ ಬಾಗಿಲು ಬಡಿದರು. ಸ್ವಲ್ಪ ಹೊತ್ತು ಕಾದು ಮತ್ತೆ ಬಡಿದರು. ಹೋಟೆಲಿನಲ್ಲಿ ಅವರು ತಮ್ಮ ಊರಿನ ಹಳೆಯ ಆಡುಮಾತಿನಲ್ಲಿ ಮೀನಿನ ಸಾರು ಕೇಳಿದರೆ, ಅರ್ಥವಾಗದ ಹುಡುಗ ನಗುಮುಖದಿಂದ ಇಂಗ್ಲಿಷಿನ ಮೆನು ತಂದಿಟ್ಟ.

ಮರುದಿನ ಸ್ಮಶಾನಕ್ಕೆ ಹೋದರು. ಅಲ್ಲಿ ಎತ್ತರದ ಗೋಡೆಗಳಲ್ಲಿ ಶವಪೆಟ್ಟಿಗೆ ಇಡುವ ಸಾಲು ಸಾಲು ಗೂಡು, ಗೂಡಿಗೊಂದು ಪಿಂಗಾಣಿ ಬಿಲ್ಲೆಯ ಮೇಲೆ ಸತ್ತವರ ಫೋಟೊ. ಎತ್ತೊರೆ ಹೆಸರು ಓದಿ, ಆಮೇಲೆ ಮುಖ ನೋಡುತ್ತಿದ್ದರು. ಜತೆಯಲ್ಲಿ ಈಜಿದವರು, ಶಾಲೆಗೆ ಹೋದವರು. ಇವರ ನೆನಪಿನಲ್ಲಿ ಎಲ್ಲರೂ ಹುಡುಗರು. ಫೋಟೊಗಳಲ್ಲಿ ಬೊಕ್ಕತಲೆ, ದಪ್ಪ ಕನ್ನಡಕ. ಒಂದೊಂದರ ಮುಂದೆಯೂ ಕುರ್ಚಿ ನಿಲ್ಲಿಸಲು ಕೈಸನ್ನೆ ಮಾಡಿ, ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ಏನೋ ಹೇಳುತ್ತಿದ್ದರು. ಅಮ್ಮನ ಗೂಡು ಮಾತ್ರ ಸಿಗಲಿಲ್ಲ. ಕಾವಲುಗಾರ ಬಂದ. ಅವನು ಟೋಪಿ ತೆಗೆದು ಹೇಳಿದ್ದನ್ನು ಎತ್ತೊರೆ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ಅದನ್ನು ಅವನಿಯ ಬಳಿ ಸ್ವೀಡಿಷ್‌ನಲ್ಲಿ ಹೇಳಿದರು: ವಾರಸುದಾರರು ಯಾರೂ ಬಾರದಿದ್ದರೆ ಎಲುಬುಗಳನ್ನು ತೆಗೆದು ಎಲ್ಲರದನ್ನೂ ಒಟ್ಟಿಗೆ ಹಾಕುವ ಒಂದು ಕೋಣೆಗೆ ಸೇರಿಸುತ್ತಾರಂತೆ. ಅಮ್ಮನದನ್ನು ಸೇರಿಸಿ ಬಹಳ ಕಾಲವಾಯಿತಂತೆ.

‘ಕುರ್ಚಿಗೆ ಬ್ರೇಕ್ ಹಾಕ್ದೆ,’ ಎನ್ನುತ್ತಾಳೆ ಅವನಿ. ‘ಪಕ್ಕದಲ್ಲಿ ಕೂತ್ಕೊಂಡೆ. ಅಷ್ಟೇ.’

ಸಂಜೆ ಚೌಕದ ಒಂದು ಕಾಫಿ ಅಂಗಡಿಗೆ ಹೋದರು. ಅಂಗಡಿಯವನ ಅತ್ತೆ, ತೊಂಬತ್ತು ದಾಟಿದ ಕೊನ್ಚೆತ್ತಾ, ಮೂಲೆಯಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದಳು. ಎತ್ತೊರೆ ಕಾಫಿ ಕೇಳಿದ ದನಿಗೆ ಆಕೆ ತಲೆಯೆತ್ತಿದಳು. ನೀನು ಯಾರ ಮಗ ಎಂದು ಕೇಳಿದಳು. ಎರಡು ದಿನದಲ್ಲಿ ಆ ಊರಿನಲ್ಲಿ ಅವರನ್ನು ಯಾರೋ ಕೇಳಿದ ಮೊದಲ ಪ್ರಶ್ನೆ ಅದು. ಅವರು ಅಮ್ಮನ ಹೆಸರು ಹೇಳಿದರು. ಕೊನ್ಚೆತ್ತಾ ಹುರುಳಿಕಾಯಿ ಕೆಳಗಿಟ್ಟು ಹತ್ತಿರ ಬಂದಳು. ಅವಳು ಹೇಳಿದ್ದನ್ನು ಎತ್ತೊರೆ ಎರಡು ಸಲ ಹೇಳಿಸಿದರು. ಆಮೇಲೆ ಅವನಿಯ ಬಳಿ ಸ್ವೀಡಿಷ್‌ನಲ್ಲಿ ಹೇಳಿದರು. ಅವನಿ ಅದನ್ನು ಈಗ ತನ್ನ ಕನ್ನಡದಲ್ಲಿ ಹೇಳುತ್ತಾಳೆ:

‘ಅವರಮ್ಮ ಎಲ್ರ ಹತ್ರ ಹೇಳ್ತಿದ್ರಂತೆ, ನನ್ನ ಮಗ ಇರೋ ದೇಶದಲ್ಲಿ ರಾತ್ರಿನೇ ಆಗಲ್ಲ, ಸೂರ್ಯ ಮುಳುಗೋದೇ ಇಲ್ಲ, ಪಾಪ ದುಡೀತಾನೇ ಇರ್ತಾನೆ, ಕಾಗದ ಬರೆಯೋಕೆ ಅವ್ನಿಗೆ ಟೈಮ್ ಎಲ್ಲಿದೆ ಅಂತ.’

ಸ್ವೀಡನ್ನಿನ ಬೇಸಿಗೆಯ ಬೆಳಕಿನ ಬಗ್ಗೆ ಎತ್ತೊರೆ ತಮ್ಮ ಮೊದಲ ಕಾಗದದಲ್ಲಿ ಬರೆದಿದ್ದರು. ಆ ಒಂದು ಮಾತನ್ನು ಹಿಡಿದುಕೊಂಡು ತಾಯಿ ಮಗನ ಮೌನಕ್ಕೆ ಊರಿನ ಮುಂದೆ ಕಾರಣ ಕೊಡುತ್ತ ಬದುಕಿದ್ದಳು. ಅಂಗಡಿಯಲ್ಲಿ ಎತ್ತೊರೆ ಅಳಲಿಲ್ಲ. ಕೋಣೆಗೆ ಬಂದು ಅವನಿ ಅವರ ಶರ್ಟಿನ ಗುಂಡಿ ಬಿಚ್ಚುವಾಗ ಅತ್ತರು. ಅವಳು ಗುಂಡಿ ಬಿಚ್ಚುವುದನ್ನು ನಿಲ್ಲಿಸಿ ಅವರ ತಲೆಯನ್ನು ತನ್ನ ಹೆಗಲಿಗಾನಿಸಿಕೊಂಡು ನಿಂತಳು.

ಮಾರನೆಯ ಬೆಳಗ್ಗೆ ಸಮುದ್ರದ ಹತ್ತಿರ ಹೋಗಬೇಕೆಂದರು. ಕಲ್ಲಿನ ದಂಡೆಯಲ್ಲಿ ಗಾಲಿ ಉರುಳದು. ಬಲೆ ಸರಿಮಾಡುತ್ತಿದ್ದ ಇಬ್ಬರು ಬಂದು ಕುರ್ಚಿಯ ಸಮೇತ ಎತ್ತಿ ನೀರಿನಂಚಿಗೆ ಇಳಿಸಿಕೊಟ್ಟರು. ಎತ್ತೊರೆ ಬಗ್ಗಿ ಕೈ ಅದ್ದಿ, ಮುಖಕ್ಕೆ ಹಚ್ಚಿಕೊಂಡರು. ಬಹಳ ಹೊತ್ತು ಕೂತರು. ಕೊನೆಗೆ, ಸಾಕು, ಈಗ ಮನೆಗೆ ಹೋಗೋಣ ಎಂದರು. ಹೋಟೆಲಿಗೆಂದು ಅವನಿ ಕುರ್ಚಿ ತಿರುಗಿಸಿದಳು. ಅವರು ಅವಳ ಮಣಿಕಟ್ಟು ಹಿಡಿದರು. ಅಲ್ಲಿಗಲ್ಲ, ಕೊರ್ಟೆದಾಲಾಕ್ಕೆ ಎಂದರು.

ಇನ್ನೂ ಎರಡು ದಿನ ಬಾಕಿಯಿತ್ತು. ಆ ಎರಡು ದಿನವೂ ಅವರು ಬಿಸಿಲಿನಲ್ಲಿ ಕೂತಿದ್ದು, ಅವಳು ಕೊಟ್ಟದ್ದನ್ನು ತಿಂದರು.

ಮನೆಗೆ ಬಂದ ರಾತ್ರಿ ಊಟಕ್ಕೆ ಕೂತಾಗ, ಶೇಷಾದ್ರಿ ತಟ್ಟೆಯಿಂದ ತಲೆಯೆತ್ತದೆ, ಅವರಿಗೆ ಊರಿನ ಗುರುತು ಹತ್ತಿತಾ ಎಂದು ಕೇಳಿದರು.

‘ಅವರಿಗೆ ಹತ್ತಿತು ಅಪ್ಪ. ಊರಿಗೇ ಅವರ ಗುರುತು ಹತ್ತಲಿಲ್ಲ,’ ಎಂದಳು ಅವನಿ.

ಮೈಸೂರಿನಲ್ಲಿ ಶೇಷಾದ್ರಿ ಒಂದು ಸೈಟು ತೆಗೆದಿಟ್ಟಿದ್ದಾರೆ. ಮುಂದಿನ ವರ್ಷ ಮನೆ ಕಟ್ಟಿಸುತ್ತೇನೆ ಎಂಬುದು ಅವರು ಇಲ್ಲಿಗೆ ಬಂದಾಗಿನಿಂದ ಹೇಳುತ್ತಿರುವ ಮಾತು. ಅಂದು ಅವರು ಮೊಸರನ್ನಕ್ಕೆ ಕಾಯದೆ ಎದ್ದು ಕೈತೊಳೆದರು.

ಕೆಲಸಕ್ಕೆ ಮರಳಿದ ಮೊದಲ ದಿನವೇ ಮೇಲ್ವಿಚಾರಕಿ ಕರೆದಳು. ಬೈಯಲಿಲ್ಲ. ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿ ಅವನಿಯನ್ನು ಕೊರ್ಟೆದಾಲಾದಿಂದ ಬಿಡಿಸಿ ಫ್ರೊಲುಂಡಾಕ್ಕೆ ಹಾಕಿದಳು. ಎತ್ತೊರೆಯ ಮನೆಗೆ ದಿನಕ್ಕೊಬ್ಬರು ಹೊಸಬರು ಹೋಗತೊಡಗಿದರು. ರಜೆಯ ಭಾನುವಾರಗಳಲ್ಲಿ ಅವನಿ ಹೋಗಿ ಬಾಗಿಲ ಗಂಟೆ ಒತ್ತುತ್ತಿದ್ದಳು. ಅವಳ ಬಳಿ ಈಗ ಆ ಮನೆಯ ಕೀಲಿ ಇರಲಿಲ್ಲ. ಅವರು ಎದ್ದು ಬಂದು ತೆಗೆಯುವವರೆಗೆ ಹೊರಗೆ ನಿಂತಿರುತ್ತಿದ್ದಳು. ಗಡ್ಡ ಅಲ್ಲಲ್ಲಿ ಉಳಿದಿರುತ್ತಿತ್ತು. ಕೋಟು ಬಿಚ್ಚುವ ಮುಂಚೆಯೇ ಅವಳು ರೇಜರ್ ಹುಡುಕುತ್ತಿದ್ದಳು. ಡಿಸೆಂಬರ್‌ನ ಒಂದು ಬುಧವಾರ ಅವಳು ಬೇರೆ ಯಾರದೋ ಮನೆಯಲ್ಲಿ ಗಂಜಿ ಕಲಕುತ್ತಿದ್ದಾಗ ರಾಬರ್ಟ್ ಫೋನ್ ಮಾಡಿದ. ತಂದೆ ನಿದ್ದೆಯಲ್ಲೇ ಹೋದರೆಂದು ಹೇಳಿದ. ಬೆಳಗಿನ ಪಾಳಿಗೆ ಬಂದ ಯಾರೋ ಹೊಸಬರು ನೋಡಿದರಂತೆ.

‘ಗಂಜಿ ತಳ ಹಿಡೀತು. ಮತ್ತೆ ಮಾಡ್ದೆ. ಇನ್ನೂ ಆರು ಮನೆ ಇತ್ತು ಅವತ್ತು,’ ಎನ್ನುತ್ತಾಳೆ.

ಇಲ್ಲಿ ಸಾವಿಗೂ ಅಂತ್ಯಕ್ರಿಯೆಗೂ ನಡುವೆ ವಾರಗಟ್ಟಲೆ ಅಂತರ. ಜನವರಿಯಲ್ಲಿ ದಿನ ಗೊತ್ತಾಯಿತು. ಹಿಮ ಜೋರಾಗಿದೆ, ನಾನು ಬಿಟ್ಟುಬರುತ್ತೇನೆ ಎಂದು ಶೇಷಾದ್ರಿ ಕಾರು ತೆಗೆದರು. ಅವಳನ್ನಿಳಿಸಿ ಹೋಗುತ್ತಾರೆಂದು ಅವನಿ ಎಣಿಸಿದ್ದಳು. ಒಳಗೆ ಕೂತು ತಿರುಗಿ ನೋಡಿದರೆ, ಅಪ್ಪ ಕೋಟಿನ ಮೇಲಿನ ಹಿಮ ಕೊಡವಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಾರೆ. ಆ ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಪಾದ್ರಿ, ಊರುಗೋಲು ಹಿಡಿದ ರಾಬರ್ಟ್, ಕಾರ್ಖಾನೆಯ ಕಾಲದ ಒಬ್ಬ ಗೆಳೆಯ, ಅವನಿ. ಇಷ್ಟೇ ಜನ. ಶೇಷಾದ್ರಿ ಬಂದು ಮಗಳ ಪಕ್ಕ ಕೂತರು.

ಕೊನೆಯಲ್ಲಿ ಒಬ್ಬೊಬ್ಬರೇ ಹೋಗಿ ಶವಪೆಟ್ಟಿಗೆಯ ಮೇಲೆ ಹೂವಿಟ್ಟು ಒಂದು ಮಾತು ಹೇಳಿ ಬರಬೇಕು. ಅವನಿ ಹೂವನ್ನಷ್ಟೇ ಇಟ್ಟು ಪಕ್ಕಕ್ಕೆ ಸರಿದಳು. ಅವಳ ಹಿಂದೆ ಬಂದ ಅಪ್ಪ, ತಾವು ಒಮ್ಮೆಯೂ ಕಂಡಿರದ ಆ ಮನುಷ್ಯನ ಪೆಟ್ಟಿಗೆಯ ಮೇಲೆ ಅಂಗೈ ಊರಿದರು.

‘ಹೋಗಿಬನ್ನಿ ಯಜಮಾನ್ರೇ,’ ಎಂದರು.

ಕೆಲಸದ ಬಗ್ಗೆ ಅಪ್ಪ ಈಗಲೂ ಹೆಚ್ಚು ಕೇಳುವುದಿಲ್ಲ ಎನ್ನುತ್ತಾಳೆ ಅವನಿ. ಅವಳ ಪಾಳಿಯ ದಿನ ಮಾತ್ರ ಅಡುಗೆಮನೆಯ ದೀಪ ಅವಳಿಗಿಂತ ಮೊದಲೇ ಉರಿಯುತ್ತಿರುತ್ತದೆ, ಕಾಫಿ ಇಳಿದಿರುತ್ತದೆ.

ಗ್ರೇಟಾ ಅವರ ಗಂಜಿ ಮುಗಿದಿದೆ. ಅವನಿ ಬಟ್ಟಲು ತೊಳೆದಿಟ್ಟು, ಫೋನ್ ತೆಗೆದು ಮುಂದಿನ ಮನೆ ಯಾವುದೆಂದು ನೋಡುತ್ತಾಳೆ. ಮನೆಸೇವೆಯವರ ದಿನದ ಕೆಲಸದ ಪಟ್ಟಿ ಬರುವುದು ಅದರಲ್ಲೇ. ಯಾರಾದರೂ ತೀರಿಕೊಂಡರೆ ಆ ಹೆಸರು ಅಲ್ಲಿಂದ ಹೋಗುತ್ತದೆ, ಆ ಹೊತ್ತಿಗೆ ಇನ್ನೊಬ್ಬರ ಹೆಸರು ಬರುತ್ತದೆ. ನಿನ್ನೆ ಸ್ನಾನ ಮಾಡಿಸಿದವರು ಇವತ್ತು ಏಕಿಲ್ಲ ಎಂದು ಯಾರೂ ಹೇಳುವುದಿಲ್ಲ. ಕೇಳಿ ತಿಳಿಯಬೇಕು, ಕೇಳಲು ಹೊತ್ತಿರುವುದಿಲ್ಲ. ಏನು ಆಸೆಯಿದೆ ಎಂದು ಕೇಳಿದರೆ ಅವನಿ ಕೋಟಿನ ಗುಂಡಿ ಹಾಕುತ್ತ ಹೇಳುತ್ತಾಳೆ:

‘ದೊಡ್ಡದೇನಿಲ್ಲ. ಹೆಸರು ತೆಗೆಯೋಕೆ ಮುಂಚೆ ಯಾರಾದ್ರೂ ಒಂದು ಫೋನ್ ಮಾಡಿ ನಂಗೆ ಹೇಳ್ಲಿ. ಅವರ ಮನೆ ದಾರೀಲಿ ಟ್ರಾಮ್ ಹೋಗುವಾಗ, ಅವರಿಲ್ಲ ಅಂತ ನಂಗೆ ಗೊತ್ತಿರ್ಬೇಕು.’