ಜಲಸಂಧಿಯೂ ಹೊಟ್ಟಿನ ಒಲೆಯೂ

ಸಿಲಿಂಡರನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸಿ, "ಇನ್ನೂ ಎಂಟು ದಿನ ಬರ್ತೈತಿ" ಎಂದು ಭವಿಷ್ಯ ನುಡಿಯುವುದು ಸಿಂಧನೂರಿನ ನಮ್ಮ ಓಣಿಯ ಗಂಡಸರಿಗೆಲ್ಲ ಒಲಿದ ವಿದ್ಯೆ. ಅಡುಗೆಮನೆಯಲ್ಲಿ ನಮಗಿರುವ ಏಕೈಕ ಅಧಿಕಾರವೂ ಅದೇ.

ಈ ಸಲ ನನ್ನ ಭವಿಷ್ಯವಾಣಿ ಎರಡೇ ದಿನಕ್ಕೆ ಸುಳ್ಳಾಯಿತು. ಅದೂ ಯಾವಾಗ ಅಂತೀರಿ? ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಮಗಳ ಮದುವೆಯ ಮಾತು ಮುಗಿಸಲು ಬೀಗರಾಗುವವರು ಲಿಂಗಸೂಗೂರು ಬಿಟ್ಟಾಗ, ಹೋಳಿಗೆಯ ಬೇಳೆ ಅರೆಬೆಂದಾಗ. ಕೊಲ್ಲಿಯ ಕಡೆ ಕಾಳಗವೆದ್ದು, ಹಡಗುಗಳು ಜಲಸಂಧಿಯಲ್ಲಿ ಸಿಕ್ಕಿಕೊಂಡು, ಬುಕ್ ಮಾಡಿದ ಸಿಲಿಂಡರ್ ಬಾರದೆ ವಾರಗಳಾಗಿದ್ದವು. ಕನ್ನಡ ಮಾಸ್ತರನಾದ ನನಗೆ ಸಂಧಿಗಳೆಲ್ಲ ಕರತಲಾಮಲಕವಾದ್ದರಿಂದ, ಆಗಮವಾಗಬೇಕಾದಲ್ಲಿ ಲೋಪವಾಗಿದೆ ಎಂದು ಹೆಂಡತಿಗೆ ವಿವರಿಸಿದೆ. ಆಕೆ ಬೇಳೆಯನ್ನೂ ನನ್ನನ್ನೂ ಒಂದೇ ಬಗೆಯಲ್ಲಿ ನೋಡಿದಳು, ಎರಡೂ ಬೆಂದಿರಲಿಲ್ಲ.

ಇನ್ನುಳಿದ ಆದೇಶ ಬಂದದ್ದು ಅವ್ವನಿಂದ. "ಏ ಮಾಸ್ತರಾ, ಹಿತ್ತಲದಾಗ ನನ್ನ ಹೊಟ್ಟಿನ ಒಲಿ ಐತಿ, ತಗೊಂಬಾ."

ಒಲೆಯೆಂದರೆ ಹಳೆಯ ತಗಡಿನ ಡಬ್ಬಿ. ಬುಡದ ಕಿಂಡಿಗೆ ಕೋಲು ತೂರಿಸಿ, ನಡುವೆ ಬಾಟಲಿ ನಿಲ್ಲಿಸಿ, ಸುತ್ತಲೂ ಭತ್ತದ ಹೊಟ್ಟನ್ನು ಗಟ್ಟಿಯಾಗಿ ಜಡಿಯಬೇಕು. ಎರಡನ್ನೂ ತೆಗೆದ ಮೇಲೆ ಉಳಿಯುವ ಸಂದಿಯಲ್ಲೇ ಬೆಂಕಿ ಏರುತ್ತದೆ. ಮನೆಯ ಹಿಂದಿನ ರೈಸ್‌ಮಿಲ್ಲಿನಿಂದ ಒಂದು ಚೀಲ ಹೊಟ್ಟು ತಂದು ಜಡಿದೆ, ಬಾಟಲಿಯನ್ನು ಗಂಡಸುತನದಿಂದ ಜಗ್ಗಿದೆ; ಎಲ್ಲ ಕುಸಿದು ಸಂದಿ ಮುಚ್ಚಿತು. ಬೀಗರು ಮಸ್ಕಿ ದಾಟಿದ ಫೋನ್ ಬಂದದ್ದೂ ಆಗಲೇ.

"ಜಗ್ಗಬಾರ್ದೋ, ತಿರುವಿ ತಿರುವಿ ಬಿಡಿಸ್ಬೇಕು. ಸಂದಿ ಮುಚ್ಚಿದ್ರ ಒಲಿ ಹ್ಯಾಂಗ ಹತ್ತತೈತಿ?" ಎನ್ನುತ್ತ ಅವ್ವ ತಾನೇ ಹೊಟ್ಟು ಜಡಿದು, ಬಾಟಲಿಯನ್ನು ಮೆಲ್ಲಗೆ ತಿರುವಿ ಎತ್ತಿ, ಬುಡದ ಕಿಂಡಿಯಲ್ಲಿ ಬೆಂಕಿ ಹಚ್ಚಿದಳು. ಜಗತ್ತಿನ ಯಜಮಾನರಿಗೆ ತಿಳಿಯದ ರಾಜನೀತಿ ಈಕೆಯ ಮಣಿಕಟ್ಟಿನಲ್ಲಿತ್ತು. ಹೆಮ್ಮೆಯಿಂದ ನನ್ನ ಎದೆ ತುಂಬಿತು, ಕಣ್ಣೂ ತುಂಬಿತು. ಕಣ್ಣಿನ ಮಟ್ಟಿಗೆ ಹೊಗೆಯ ಪಾಲೂ ಇದ್ದೀತು.

ಹೊಟ್ಟು ಎಂದರೆ ನಿಸ್ಸಾರವೆಂದು ತರಗತಿಯಲ್ಲಿ ಅರ್ಥ ಬರೆಸುತ್ತ ಬಂದವನು ನಾನು. ಆ ನಿಸ್ಸಾರವೇ ಅಂದು ಹೂರಣ ಬೇಯಿಸಿತು, ಕಟ್ಟಿನ ಸಾರು ಕುದಿಸಿತು, ಒಂಬತ್ತು ಜನರ ಹೊಟ್ಟೆ ತುಂಬಿಸಿತು. ಬೀಗತಿಯಾಗುವವರು ಕೈ ತೊಳೆಯಲು ಹಿತ್ತಲಿಗೆ ಬಂದವರು ಒಲೆಯ ಮುಂದೆಯೇ ನಿಂತುಬಿಟ್ಟರು.

"ನಮ್ಮವ್ವ ಹೋದ ಮ್ಯಾಲೆ ಇದನ್ನ ನೋಡೇ ಇದ್ದಿಲ್ಲ. ನಿಂಗ ಹೂಡಾಕ ಬರತೈತೇನವ್ವಾ?" ಎಂದು ನಮ್ಮ ಮಗಳನ್ನು ಕೇಳಿದರು.

"ಇವತ್ತ ಅಜ್ಜಿ ಕಲಿಸ್ಯಾಳ್ರಿ. ನಮ್ಮಪ್ಪಗ ಇನ್ನೂ ಬಂದಿಲ್ಲ."

ಅವರು ಮನಸಾರೆ ನಕ್ಕರು. ಮದುವೆಯ ಮಾತು ಅಲ್ಲೇ ಮುಗಿಯಿತು.

ಮುಂದಿನ ವಾರ ಸಿಲಿಂಡರ್ ಬಂತು. ಅಭ್ಯಾಸಬಲದಿಂದ ಅದರತ್ತ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡು, ಮೂಲೆಯಲ್ಲಿದ್ದ ಹೊಟ್ಟಿನ ಚೀಲವನ್ನು ಎತ್ತಿ ನೋಡಿ, "ಇನ್ನೂ ಎಂಟು ದಿನ ಬರ್ತೈತಿ" ಎಂದೆ.

ಅವ್ವ ತಲೆಯೆತ್ತಲಿಲ್ಲ. "ಊರ ತುಂಬ ಮಿಲ್ ಅದಾವು," ಎಂದಳು. "ಎಂಟು ದಿನದ ಮಾತ್ಯಾಕೋ?"