ಬ್ರೇಕಕ್ಕನ ಅಡ್ಡಗೈ

ಡ್ರೈವಿಂಗ್ ಸ್ಕೂಲಿನ ಯಜಮಾನರು ತಮ್ಮದೇ ಬೋರ್ಡಿನ ಕೆಳಗೆ, ತಮ್ಮದೇ ಕಾರನ್ನು ಗಕ್ಕನೆ ಆಫ್ ಮಾಡಿಕೊಂಡರು. ಹದಿನಾರು ವರ್ಷದಿಂದ ಊರಿಗೆಲ್ಲ ಕ್ಲಚ್ ಬಿಡುವುದನ್ನು ಕಲಿಸುತ್ತಿರುವ ಸಂಸ್ಥೆಯ ಒಡೆಯರು ಕ್ಲಚ್ ಬಿಟ್ಟ ರೀತಿಗೆ ಕಾರು ಕಪ್ಪೆಯಂತೆ ಎರಡು ಸಲ ಕುಪ್ಪಳಿಸಿ ನಿಂತಿತು. ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಪಕ್ಕದ ಸೀಟಿನಿಂದ ಒಂದು ಕೈ ಚಂಗನೆ ಬಂದು, ಐವತ್ಮೂರು ವರ್ಷದ ಅವರ ಎದೆಯನ್ನು ಅಡ್ಡಲಾಗಿ ಒತ್ತಿ ಹಿಡಿಯಿತು. ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ನಾಲ್ವರು ಅದನ್ನು ನೋಡಿದರು. ಒಬ್ಬಳು ಮುಖ ತಿರುಗಿಸಿ ಕೆಮ್ಮಿದಳು. ಅವಳಿಗೆ ಕೆಮ್ಮೇನೂ ಇರಲಿಲ್ಲ.

"ಏನೂ ಆಗ್ಲಿಲ್ಲ," ಎಂದಳು ಕೈಯ ಒಡತಿ. "ನ್ಯೂಟ್ರಲ್‌ಗೆ ಹಾಕು, ಮತ್ತೆ ಸ್ಟಾರ್ಟ್ ಮಾಡು ಪುಟ್ಟಾ." ಆಮೇಲೆ ಪುಟ್ಟ ಯಾರೆಂದು ನೋಡಿ, "ಸಾರ್," ಎಂದು ಸೇರಿಸಿದಳು.

ಈ ಕೈಯ ವಿಚಾರಣೆಗೆಂದೇ ಯಜಮಾನರು ಆವತ್ತು ಕಲಿಯುವವರ ಸೀಟಿನಲ್ಲಿ ಕೂತದ್ದು. ಹನ್ನೊಂದು ವರ್ಷದಿಂದ ಅಲ್ಲಿ ಕಲಿಸುತ್ತಿರುವ ಆಕೆಯನ್ನು ಎಲ್ಲರೂ ಬ್ರೇಕಕ್ಕ ಎನ್ನುತ್ತಾರೆ. ಕಲಿಸುವವರ ಕಾಲ ಬುಡದಲ್ಲಿ ಇನ್ನೊಂದು ಬ್ರೇಕಿರುತ್ತದೆ. ಅದನ್ನು ಒತ್ತಿದಾಗಲೆಲ್ಲ ಅವಳ ಕೈ ತಾನಾಗಿ ಪಕ್ಕದವರ ಎದೆಗೆ ಅಡ್ಡ ಬರುತ್ತದೆ, ಸೀಟ್ ಬೆಲ್ಟ್ ಇದ್ದರೂ. ಹೋದ ವಾರ ಹಾಗೆ ಸಿಕ್ಕಿಬಿದ್ದವರು ಒಬ್ಬ ನಿವೃತ್ತ ಹೆಡ್‌ಮಾಸ್ತರು. ಎರಡು ಪುಟದ ದೂರು ಕೊಟ್ಟರು: ತಮ್ಮನ್ನು ಕೂಸಿನಂತೆ ಹಿಡಿಯಲಾಯಿತು, ಹೆಸರು ಮರೆತು 'ಪುಟ್ಟಾ' ಎನ್ನಲಾಯಿತು, ಈಕೆಯ ತಲೆ ನೆಟ್ಟಗಿದೆಯೇ ಎಂಬ ಅನುಮಾನವಿದೆ. ದೂರು ನಿಜವಾದರೆ ಬ್ರೇಕಕ್ಕ ಕಾರಿನಿಂದಿಳಿದು ಆಫೀಸಿನಲ್ಲಿ ಅರ್ಜಿ ತುಂಬುತ್ತ ಕೂರಬೇಕಿತ್ತು. ಅವಳಿಗೆ ಅದಕ್ಕಿಂತ ಜೈಲು ವಾಸಿ ಎನ್ನುವುದು ಯಜಮಾನರಿಗೂ ಗೊತ್ತಿತ್ತು.

ಮಗಳು ಹುಟ್ಟಿದಾಗಿನಿಂದ ತನಗೆ ಈ ಅಡ್ಡಗೈ, ಈ ಮರೆವು ಎಂದು ಬ್ರೇಕಕ್ಕ ಹೇಳುತ್ತಿದ್ದಳು. ಅದು ನಿಜವೇ ಎಂದು ಕೇಳಲು ಹಿಂದಿನ ದಿನ, ನರರೋಗದ ಡಾಕ್ಟರಾಗಿದ್ದ ತಂಗಿಗೆ ಫೋನ್ ಮಾಡಿದ್ದರು.

"ಬಸುರಾದಾಗ ಮಿದುಳಿನ ಕೆಲವು ಭಾಗ ಸಣ್ಣದಾಗತ್ತೆ ಅಣ್ಣ. ವರ್ಷಗಟ್ಲೆ ಹಾಗೇ ಉಳಿಯತ್ತೆ."

"ಅಂದ್ರೆ ಬುದ್ಧಿ ಕಮ್ಮಿ ಆಗತ್ತಾ?"

"ಇಲ್ಲಪ್ಪ. ಗಿಡದ ಕೊಂಬೆ ಸವರ್ತಾರಲ್ಲ, ಹಾಗೆ ಅನ್ಕೋ. ಮಗು ಕಡೆ ಗಮನ ಚುರುಕಾಗ್ಲಿ ಅಂತ ಇರಬೇಕು. ನಿಂದು ಬಸುರಿಲ್ದೇನೇ ಸಣ್ಣದಾಗಿದೆ, ಅದು ಬೇರೆ ವಿಷಯ."

ಈಗ, ಕಾರು ಟೈರಿನ ಅಂಗಡಿ ದಾಟಿದ ಮೇಲೆ ಯಜಮಾನರು ವಿಚಾರಣೆ ಶುರು ಮಾಡಿದರು.

"ಇವತ್ತು ಬೆಳಗ್ಗೆ ಯಾರ್ಯಾರಿಗೆ ಕಲಿಸಿದೆಯಮ್ಮ? ಹೆಸರು ಹೇಳು ನೋಡೋಣ."

"ಮೊದಲು ಉಸಿರು ಬಿಗಿ ಹಿಡಿಯೋ ಹುಡುಗಿ. ಆಮೇಲೆ, ತಿರುವು ಬಂದ್ರೆ ಗಂಟಲು ಸರಿ ಮಾಡ್ಕೊಳ್ಳೋ ಟೈಲರು. ಕೊನೇಲಿ ಹೆಡ್‌ಮಾಸ್ತರು. ಲಾರಿ ಕಂಡ್ರೆ ಕಣ್ಣು ಮುಚ್ಕೊಂಬಿಡ್ತಾರೆ, ಪಾಪ."

"ದೂರು ಕೊಟ್ಟ ಮೇಲೂ ನಿನ್ನ ಹತ್ರಾನೇ ಬರ್ತಾರಾ?"

"ಬೇರೆಯವರ ಜೊತೆ ಕೂರಲ್ವಂತೆ."

"ಅದು ಸರಿ, ಹೆಸರು?"

"ಹೆಸರು ರಿಜಿಸ್ಟರ್‌ನಲ್ಲಿ ಇದೆಯಲ್ಲ ಸಾರ್."

ಯಜಮಾನರು ಇದಕ್ಕೊಂದು ಖಡಕ್ ಮಾತು ಹುಡುಕುತ್ತಿದ್ದರು. ಹುಡುಕುವಾಗ ಅವರು ರಸ್ತೆ ನೋಡುವುದಿಲ್ಲ. ಕಾರು ನಿಂತೇಬಿಟ್ಟಿತು, ಕೈ ಎದೆಗೆ ಬಂತು. ಏನಾಯಿತೆಂದು ಅವರು ಕೇಳುವಷ್ಟರಲ್ಲಿ, ಮುಂದೆ ನಿಂತಿದ್ದ ವ್ಯಾನಿನ ಬಾಗಿಲು ರಸ್ತೆಯ ಕಡೆಗೆ ದಢಾರನೆ ತೆರೆದು, ಒಬ್ಬಾತ ಫೋನಿನಲ್ಲಿ ನಗುತ್ತ ಕೆಳಗಿಳಿದ.

"ಬಾಗಿಲು ತೆಗೀತಾನೆ ಅಂತ ಹೇಗೆ ಗೊತ್ತಾಯ್ತು?"

"ಭುಜ ಅಲ್ಲಾಡ್ತು."

ಯಜಮಾನರಿಗೆ ಭುಜವಿರಲಿ, ವ್ಯಾನೇ ಕಂಡಿರಲಿಲ್ಲ.

ಅವರು ಕಾರನ್ನು ಪಕ್ಕಕ್ಕೆ ನಿಲ್ಲಿಸಿ ದೂರಿನ ಫಾರಂ ತೆಗೆದರು. 'ಕಲಿಸುವವರನ್ನು ಬದಲಾಯಿಸುವ ಅಗತ್ಯವಿಲ್ಲ' ಎಂದು ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದರು. ಬ್ರೇಕಕ್ಕ ಅದನ್ನು ಓದಿ, ಕನ್ನಡಿ ಸರಿಮಾಡಿದಳು. ಕೊನೆಗೊಂದು ಕಾಲಂ ಉಳಿಯಿತು.

"ಈ ನ್ಯೂನತೆ ಯಾವಾಗ ಸರಿಹೋಗತ್ತೆ ಅಂತ ಬರೀಬೇಕಮ್ಮ. ಏನಂತ ಬರೀಲಿ?"

ಬ್ರೇಕಕ್ಕ ಅವರ ಸೀಟ್ ಬೆಲ್ಟ್ ಎಳೆದು ನೋಡಿದಳು.

"ನನ್ ಮಗಳು ಸೀಟಲ್ಲಿ ನೆಟ್ಟಗೆ ಕೂರೋದು ಕಲಿತ ಮೇಲೆ ಅಂತ ಬರೀರಿ ಸಾರ್. ಈಗಿನ್ನೂ ಮೂವತ್ತೊಂದು."